ಕ್ಯಾಂಪಿನವರು

ಗಂಗಾವತಿಯಿಂದ ಕಾರಟಗಿ ಕಡೆಗೆ ಬಸ್ಸು ಹತ್ತಿದರೆ ಹಳ್ಳಿಗಳ ಹೆಸರಿನಷ್ಟೇ ಕ್ಯಾಂಪುಗಳ ಹೆಸರುಗಳೂ ಕಿವಿಗೆ ಬೀಳುತ್ತವೆ. ಹೊರಗಿನವರಿಗೆ ಕ್ಯಾಂಪು ಅಂದರೆ ಸಿಪಾಯಿಗಳ ಡೇರೆಯೋ ಕಣ್ಣಿನ ತಪಾಸಣೆಯ ಶಿಬಿರವೋ ನೆನಪಾದೀತು. ನಮ್ಮ ಕಡೆ ಕ್ಯಾಂಪು ಅಂದರೆ ಊರು. ಕಾಲುವೆ ದಂಡೆಗೆ, ಭತ್ತದ ಗದ್ದೆಗಳ ನಡುವೆ, ಗುಡಿ, ಶಾಲೆ, ಗೊಬ್ಬರದಂಗಡಿ ಎಲ್ಲ ಇರುವ ಊರು.

ಈ ಅರ್ಥ ಹುಟ್ಟಿದ್ದು ನೀರಿನ ಜೊತೆ. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಲು ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ತೆಲುಗು ನಾಡಿನ ಗೋದಾವರಿ, ಕೃಷ್ಣಾ, ಗುಂಟೂರು ಸೀಮೆಯ ರೈತರು ಅಲ್ಲಿಯ ತುಂಡು ಹೊಲ ಮಾರಿ, ಆ ದುಡ್ಡಿಗೆ ಇಲ್ಲಿ ಹಲವು ಪಟ್ಟು ಭೂಮಿ ಕೊಂಡರು. ಹಳೆಯ ಊರೊಳಗೆ ಮನೆ ಹುಡುಕಲಿಲ್ಲ. ಕೊಂಡ ಹೊಲದಲ್ಲೇ ಗುಡಿಸಲು ಹಾಕಿ, ಎರೆನೆಲ ಮಟ್ಟ ಮಾಡಿ ಗದ್ದೆ ಕಟ್ಟಿದರು. ಗುಡಿಸಲುಗಳ ಗುಂಪಿಗೆ ಕ್ಯಾಂಪು ಎಂಬ ಹೆಸರು ನಿಂತಿತು. ಮುಂದೆ ಪಕ್ಕದ ಸಿಂಧನೂರಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸರ್ಕಾರ ಕೊಟ್ಟ ನೆಲೆಗಳೂ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಾದವು.

ಗುಡಿಸಲು ಹೋಗಿ ಆರ್‌ಸಿಸಿ ಮನೆ ಬಂದವು. ಶ್ರೀರಾಮನಗರದಂಥ ಕ್ಯಾಂಪುಗಳು ಪೇಟೆಯಾಗಿ ಬೆಳೆದವು. ಇಂದು ಸರ್ಕಾರಿ ಕಾಗದಗಳಲ್ಲಿ ತಾಂಡಾ, ಹಟ್ಟಿ, ಹಾಡಿಗಳ ಸಾಲಿನಲ್ಲೇ ಕ್ಯಾಂಪು ಕೂಡ ವಸತಿಯ ಒಂದು ಬಗೆ. ಜಾಗಕ್ಕೆ ಇಟ್ಟ ಹೆಸರು ಹೀಗೆ ಬೇರು ಬಿಟ್ಟಿತು. ಮನುಷ್ಯರಿಗೆ ಇಟ್ಟ ಹೆಸರು ಮಾತ್ರ ಹಾಗೇ ಉಳಿಯಿತು. "ಅವರು ಕ್ಯಾಂಪಿನವರ್ರೀ" ಅಂದರೆ ಇಂದಿಗೂ ಅರ್ಥ ಒಂದೇ: ಹೊರಗಿನಿಂದ ಬಂದವರು.

ಈ ಮಾತಿನೊಳಗೆ ಒಂದು ನೋವಿದೆ. ಅದನ್ನು ಅಲ್ಲಗಳೆಯಬಾರದು. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬರ ಬಿದ್ದಾಗ ಜೋಳ, ಹತ್ತಿ ಉಳಿಸುವ ಅರೆನೀರಾವರಿಗೆ. ಭತ್ತ ಬಂದ ಮೇಲೆ ಮೇಲ್ಭಾಗದವರು ನೀರು ತುಂಬಿಸಿಕೊಂಡರು, ಕೊನೆಯಂಚಿನ ಮಾನ್ವಿ, ರಾಯಚೂರಿನ ಹೊಲಗಳು ಕಾದು ಕೂತವು. ಭೂಮಿ ಮಟ್ಟ ಮಾಡಲು ದುಡ್ಡಿಲ್ಲದೆ ಅಗ್ಗಕ್ಕೆ ಮಾರಿದ ಸ್ಥಳೀಯ ರೈತನ ಮಕ್ಕಳು ಅದೇ ಹೊಲಕ್ಕೆ ಕೂಲಿಗೆ ಹೋದದ್ದೂ ಉಂಟು. ಗಂಗಾವತಿಗೆ ಭತ್ತದ ಕಣಜ ಎಂಬ ಹೆಸರು ಬರುವಾಗ ಯಾರ ಕೈಯಿಂದ ಏನು ಜಾರಿತು ಎಂಬ ಲೆಕ್ಕ "ಕ್ಯಾಂಪಿನವರು" ಎಂಬ ಮಾತಿನಲ್ಲಿ ಕೂತಿದೆ.

ಆದರೆ ಆ ಲೆಕ್ಕವನ್ನು ಮೊಮ್ಮಕ್ಕಳ ಹಣೆಗೆ ಹಚ್ಚುವುದು ನ್ಯಾಯವಲ್ಲ. ಅವರು ಹುಟ್ಟಿದ್ದು ಇಲ್ಲಿ, ಅಕ್ಷರ ಕಲಿತದ್ದು ಕನ್ನಡದಲ್ಲಿ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಅವರಿಗೆ ಸಹಜ. ಕಲಿಕೆ ಒಂದೇ ಕಡೆಯಿಂದ ಆದದ್ದೂ ಅಲ್ಲ. ಜೋಳ ಬಿತ್ತುತ್ತಿದ್ದ ನಮ್ಮ ರೈತರು ನಾಟಿ ಹಚ್ಚುವುದನ್ನು ಅವರ ಗದ್ದೆಗಳಲ್ಲಿ ನೋಡಿ ಕಲಿತರು. ಬೆರೆಯುವುದು ಎಂದರೆ ಬಂದವನು ತನ್ನದನ್ನೆಲ್ಲ ಬಿಟ್ಟು ನಮ್ಮಂತಾಗುವುದು ಎಂದು ತಿಳಿದವರು ಈ ಗದ್ದೆಗಳನ್ನು ನೋಡಬೇಕು. ಇಲ್ಲಿ ಇಬ್ಬರೂ ಬದಲಾಗಿದ್ದಾರೆ.

ಗಂಗಾವತಿ ಇರುವ ಇದೇ ಜಿಲ್ಲೆಯ ಇನ್ನೊಂದು ಮಗ್ಗುಲು ನೋಡಿ. ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿದ ಸೀಮೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಇಲ್ಲವೇ ಮುದುಕರನ್ನು ಕಾವಲಿಗೆ ಬಿಟ್ಟು ಜನ ಗುಳೆ ಹೋಗುತ್ತಾರೆ. ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ. ಮಂಗಳೂರಿನಲ್ಲಿ ಅವರು "ಘಟ್ಟದವರು". ಗೋವಾದಲ್ಲಿ "ಘಾಂಟಿ". ಘಟ್ಟ ಇಳಿದು ಬಂದವನು ಎಂಬಷ್ಟೇ ಅದರ ಮೂಲ. ಆದರೆ ಅಲ್ಲಿ ಆ ಮಾತು ಬೈಗುಳವಾಗಿ ಬಳಕೆಯಲ್ಲಿದೆ. ಕಟ್ಟಡಕ್ಕೆ ಕಲ್ಲು ಹೊತ್ತವನಿಗೆ, ರಸ್ತೆಗೆ ಡಾಂಬರು ಸುರಿದವಳಿಗೆ, ಅಲ್ಲೇ ಹುಟ್ಟಿ ಕೊಂಕಣಿ ಮಾತಾಡುವ ಅವರ ಮಕ್ಕಳಿಗೂ ಅದು ಅಂಟಿಕೊಳ್ಳುತ್ತದೆ. ಕಾಲುವೆಯ ಊರಲ್ಲಿ ದುಡ್ಡಿನೊಡನೆ ಬಂದವರಿಗೆ ಒಂದು ಹೆಸರು, ಬರದ ಊರಿಂದ ಬರಿಗೈಯಲ್ಲಿ ಹೋದವರಿಗೆ ಇನ್ನೊಂದು. ಎರಡನೆಯದು ಎಷ್ಟೋ ಪಟ್ಟು ಕ್ರೂರ, ಏಕೆಂದರೆ ಹಾಗೆ ಕರೆಸಿಕೊಂಡವನಿಗೆ ತಿರುಗಿ ಮಾತಾಡುವ ಬಲವಿಲ್ಲ.

ಹೊಸಬರಿಗೆ ಹೆಸರಿಡುವುದನ್ನು ಯಾವ ಊರೂ ಬಿಟ್ಟಿಲ್ಲ. ಗುರುತು ಹಚ್ಚಲು ಹೆಸರು ಬೇಕು. ಆದರೆ ಅಂಥ ಹೆಸರಿಗೊಂದು ವಾಯಿದೆ ಇರಬೇಕು. ಬಂದವರ ಮಕ್ಕಳು ನಮ್ಮ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತ ದಿನ ಅದು ಮುಗಿಯಬೇಕು. ನೀರಿನ ಪಾಲು, ಭೂಮಿಯ ಬೆಲೆ, ಕೂಲಿಯ ದರದ ತಕರಾರನ್ನು ಆಯಾ ಹೆಸರು ಹೇಳಿಯೇ ಜಗಳಾಡೋಣ. "ಕ್ಯಾಂಪಿನವರು" ಎಂಬ ಒಂದೇ ಮಾತಿನಲ್ಲಿ ಮುಚ್ಚಿಡುವುದು ಬೇಡ. ನಮ್ಮ ಕುಷ್ಟಗಿಯ ಹುಡುಗನನ್ನು ಗೋವಾದವರು ಅವನ ಹೆಸರು ಹಿಡಿದು ಕರೆಯಲಿ ಎಂದು ಬಯಸುವ ಹಕ್ಕು ನಮಗಿದೆ. ಆ ಹಕ್ಕು ಗಟ್ಟಿಯಾಗುವುದು ಶ್ರೀರಾಮನಗರದ ಹುಡುಗಿಯನ್ನು ನಾವು "ನಮ್ಮ ಗಂಗಾವತಿಯವಳು" ಅಂದಾಗಲೇ.