ಕಳ್ಳ ಬಿಟ್ಟುಹೋಗುವ ಸಾಕ್ಷಿ

2015ರ ನವೆಂಬರ್ 23ರಂದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯ ಕವಿಮನೆಗೆ ಕಳ್ಳರು ನುಗ್ಗಿದ ಸುದ್ದಿ ನಾಡನ್ನೇ ಬೆಚ್ಚಿಬೀಳಿಸಿತು. ರಾಷ್ಟ್ರಕವಿ ಕುವೆಂಪು ಅವರಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳು ಕಾಣೆಯಾಗಿದ್ದವು. ಕನ್ನಡಕ್ಕೆ ಮೊದಲು ದಕ್ಕಿದ ಜ್ಞಾನಪೀಠ ಪ್ರಶಸ್ತಿ ಅದೃಷ್ಟವಶಾತ್ ಉಳಿದುಕೊಂಡಿತು. ಕಾವಲಿಗೆಂದು ಇರಿಸಿದ್ದ ಕ್ಯಾಮೆರಾಗಳನ್ನೂ ಕಳ್ಳರು ಜಖಂಗೊಳಿಸಿದ್ದರು.

ನೋಡುವ ಕಣ್ಣನ್ನೇ ಒಡೆದುಹಾಕಿದರೆ ಗುರುತು ಹಿಡಿಯುವವರು ಯಾರು? ಕಳ್ಳರ ಈ ಲೆಕ್ಕಾಚಾರಕ್ಕೆ ಉತ್ತರ ಹುಡುಕುತ್ತ ಬೆಳೆದದ್ದೇ ವಿಧಿವಿಜ್ಞಾನ. ಫ್ರಾನ್ಸಿನ ಎಡ್ಮಂಡ್ ಲೊಕಾರ್ 1910ರಲ್ಲಿ ಲಿಯೋನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯವೊಂದನ್ನು ತೆರೆದ. ಎರಡು ವಸ್ತುಗಳು ಪರಸ್ಪರ ತಾಗಿದಾಗ ಒಂದರದು ಇನ್ನೊಂದಕ್ಕೆ ಅಂಟದೆ ಇರದು ಎಂಬುದು ಅವನ ವಿಚಾರದ ತಿರುಳು. ಕಳ್ಳ ಬರುವಾಗ ಏನನ್ನೋ ತರುತ್ತಾನೆ, ಹೋಗುವಾಗ ಏನನ್ನೋ ಒಯ್ಯುತ್ತಾನೆ. ಅದು ಕೂದಲೆಳೆ, ಬಟ್ಟೆಯ ನೂಲು, ಗಾಜಿನ ಚೂರು, ಚಪ್ಪಲಿಗೆ ಮೆತ್ತಿದ ಮಣ್ಣು ಏನೂ ಆಗಿರಬಹುದು.

ಈ ಕುರುಹುಗಳಲ್ಲಿ ಬೆರಳಚ್ಚಿಗೆ ವಿಶೇಷ ಸ್ಥಾನ. ಅದರ ಚರಿತ್ರೆಯಲ್ಲಿ ಭಾರತದ ಪಾತ್ರ ದೊಡ್ಡದು. ಕಲ್ಕತ್ತದಲ್ಲಿ 1897ರಲ್ಲಿಯೇ ಬೆರಳಚ್ಚು ವಿಭಾಗ ಆರಂಭವಾಯಿತು. ಎಡ್ವರ್ಡ್ ಹೆನ್ರಿಯ ಹೆಸರು ಹೊತ್ತ ವರ್ಗೀಕರಣ ಪದ್ಧತಿಯನ್ನು ರೂಪಿಸಲು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳು ದುಡಿದಿದ್ದರು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ಗೆ ಈ ಪದ್ಧತಿ ಕಾಲಿಟ್ಟದ್ದು 1901ರಲ್ಲಿ, ಅಂದರೆ ಕಲ್ಕತ್ತದ ನಂತರ.

ಅದೇ ಹೊತ್ತಿಗೆ ಬಂಗಾಳದ ಜಲಪೈಗುರಿಯ ಚಹಾ ತೋಟವೊಂದರ ಮ್ಯಾನೇಜರ್ ಕೊಲೆಯಾದ. ಅವನ ಹಣವೂ ಕಳುವಾಗಿತ್ತು. ಮನೆಯಲ್ಲಿ ಸಿಕ್ಕ ಬಂಗಾಳಿ ಪಂಚಾಂಗವೊಂದರ ಮೇಲೆ ಕಂದು ಬಣ್ಣದ ಕಲೆಗಳಿದ್ದವು. ಅದರಲ್ಲೊಂದು ಹೆಬ್ಬೆರಳಿನ ಗುರುತು. ಕಲ್ಕತ್ತದ ಕಡತಗಳೊಂದಿಗೆ ಹೋಲಿಸಿದಾಗ ಅದು ಹಿಂದೆ ಕಳವಿನ ಅಪರಾಧಕ್ಕೆ ಶಿಕ್ಷೆ ಅನುಭವಿಸಿದ್ದ ಮಾಜಿ ಸೇವಕನ ಬಲಗೈ ಹೆಬ್ಬೆರಳಿಗೆ ತಾಳೆಯಾಯಿತು. 1898ರಲ್ಲಿ ನ್ಯಾಯಾಲಯ ಅವನಿಗೆ ಕಳವಿಗಾಗಿ ಶಿಕ್ಷೆ ವಿಧಿಸಿತು. ಕೊಲೆ ಆರೋಪದಿಂದ ಮಾತ್ರ ಬಿಡುಗಡೆ ಮಾಡಿತು. ಕೊಂದದ್ದನ್ನು ಕಂಡವರು ಇರಲಿಲ್ಲ. ಪಂಚಾಂಗವನ್ನು ಅವನು ಮುಟ್ಟಿದ್ದನೆಂದು ಬೆರಳಚ್ಚು ಹೇಳಿತೇ ಹೊರತು ಕತ್ತಿ ಹಿಡಿದಿದ್ದನೆಂದು ಹೇಳಲಿಲ್ಲ. 1899ರಲ್ಲಿ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಕಾನೂನಿನ ಮಾನ್ಯತೆ ದೊರೆಯಿತು.

ಜಲಪೈಗುರಿಯ ಆ ಪಾಠ ಕವಿಮನೆಯಂಥ ತಾಣಕ್ಕೆ ಇನ್ನಷ್ಟು ಅನ್ವಯಿಸುತ್ತದೆ. ಇದು ಬೀಗ ಹಾಕಿಟ್ಟ ಖಾಸಗಿ ಮನೆಯಲ್ಲ. ನಾಡಿನ ಮೂಲೆಮೂಲೆಯಿಂದ ಬಂದವರು ಕಂಬಗಳನ್ನು ಸವರಿ, ಮರದ ಮೆಟ್ಟಿಲ ಕಟಕಟೆ ಹಿಡಿದು ಮೇಲೆ ಹತ್ತುವ ತೊಟ್ಟಿ ಮನೆ. ಇಂಥಲ್ಲಿ ಕಂಬದ ಮೇಲೊಂದು ಬೆರಳಚ್ಚು ಸಿಕ್ಕರೆ ಅದು ಅಭಿಮಾನಿಯದೂ ಆಗಿರಬಹುದು, ಶಾಲಾ ಪ್ರವಾಸಕ್ಕೆ ಬಂದ ಬಾಲಕನದೂ ಆಗಿರಬಹುದು. ಆದ್ದರಿಂದ ವಸ್ತುಸಂಗ್ರಹಾಲಯಗಳ ಕಳವಿನಲ್ಲಿ ಪರಿಣತರು ಮೊದಲು ಕೇಳುವ ಪ್ರಶ್ನೆ, ಸಂದರ್ಶಕರ ಕೈ ತಲುಪದ ಜಾಗ ಯಾವುದು ಎಂಬುದು. ಗಾಜಿನ ಪೆಟ್ಟಿಗೆಯ ಒಳಮೈ, ಮುರಿದ ಚಿಲಕ, ಎತ್ತರದಲ್ಲಿರುವ ಕ್ಯಾಮೆರಾ, ಇಂಥ ಕಡೆ ಸಿಗುವ ಒಂದೇ ಗುರುತು ಕಂಬದ ಮೇಲಿನ ನೂರು ಗುರುತುಗಳಿಗಿಂತ ಮೇಲು. ಕ್ಯಾಮೆರಾ ಒಡೆಯಲು ಹೋದವನು ಹೊಸದೊಂದು ಕುರುಹನ್ನೇ ಬಿಟ್ಟುಬರುವ ಸಾಧ್ಯತೆಯೂ ಇದೆ.

ಬೆರಳಿನಿಂದಾಚೆಗೂ ಸಾಕ್ಷಿಗಳುಂಟು. ಬಾಗಿಲು ಮೀಟಿದ ಹಾರೆ ಮರದ ಮೇಲೆ ತನ್ನ ಮೊನೆಯ ಗೀರುಗಳನ್ನು ಉಳಿಸುತ್ತದೆ. ಶಂಕಿತನ ಬಳಿ ಸಿಕ್ಕ ಹಾರೆಯಿಂದ ಪ್ರಯೋಗಾಲಯದಲ್ಲಿ ಗೀರು ಮೂಡಿಸಿ, ಎರಡನ್ನೂ ಸೂಕ್ಷ್ಮದರ್ಶಕದಡಿ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಗಾಜು ಒಡೆದಾಗ ಎಲ್ಲ ಚೂರುಗಳೂ ಮುಂದಕ್ಕೇ ಸಿಡಿಯುವುದಿಲ್ಲ. ಕೆಲವು ಹಿಂದಕ್ಕೆ ಚಿಮ್ಮಿ ಒಡೆದವನ ಅಂಗಿಯಲ್ಲಿ ಸೇರುತ್ತವೆ. ಮಲೆನಾಡಿನ ಒದ್ದೆ ಮಣ್ಣಿನಲ್ಲಿ ಊರಿದ ಹೆಜ್ಜೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯಬಹುದು.

ಆದರೆ ಈ ಸಾಕ್ಷಿಗಳ ಶತ್ರು ಕಳ್ಳನೊಬ್ಬನೇ ಅಲ್ಲ. ಸುದ್ದಿ ಕೇಳಿ ಓಡಿಬರುವ ಜನರೂ ತಿಳಿಯದೆ ಅವುಗಳನ್ನು ಅಳಿಸಿಹಾಕುತ್ತಾರೆ. ಪ್ರೀತಿಯ ಮನೆಯಾದಷ್ಟೂ ಏನು ಹೋಯಿತೆಂದು ಮುಟ್ಟಿ ನೋಡುವ ಕೈಗಳು ಹೆಚ್ಚು. ಕುರುಹನ್ನು ಎತ್ತಿದ ಮೇಲೂ ಎಚ್ಚರ ತಪ್ಪುವಂತಿಲ್ಲ. ಮಹಜರಿನಲ್ಲಿ ದಾಖಲಿಸಿ, ಮೊಹರು ಹಾಕಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಡಬೇಕು. ಆ ಸರಪಳಿಯ ಒಂದು ಕೊಂಡಿ ಕಳಚಿದರೂ ನ್ಯಾಯಾಲಯದಲ್ಲಿ ಸಾಕ್ಷ್ಯ ದುರ್ಬಲವಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಮಹತ್ವವನ್ನು ಗುರುತಿಸಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ಅದು ಹೇಳುತ್ತದೆ. ಇದನ್ನು ಕಾರ್ಯರೂಪಕ್ಕೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಬೆಂಗಳೂರಿನ ಮಡಿವಾಳದಲ್ಲಿ ಪ್ರಯೋಗಾಲಯವಿದ್ದರೆ ಸಾಲದು, ಮಲೆನಾಡಿನ ಹಳ್ಳಿಗೂ ತಜ್ಞರು ಹೊತ್ತಿಗೆ ಸರಿಯಾಗಿ ತಲುಪಬೇಕು.

ಪದಕವೊಂದನ್ನು ಕರಗಿಸಿದರೆ ಕಳ್ಳನಿಗೆ ಸಿಗುವುದು ಒಂದಿಷ್ಟು ಲೋಹ. ನಾಡು ಕಳೆದುಕೊಳ್ಳುವುದನ್ನು ತಕ್ಕಡಿಯಲ್ಲಿ ತೂಗಲಾಗದು. ಅಂಥ ವಸ್ತುವನ್ನು ಮರಳಿ ಪಡೆಯುವ ದಾರಿ ಹಲವು ಸಲ ಕಣ್ಣಿಗೆ ಕಾಣದ ಗೀರಿನಿಂದಲೇ ತೊಡಗುತ್ತದೆ. ಕಳವಾದ ಮನೆಯ ಹೊಸ್ತಿಲಲ್ಲಿ ನಿಂತ ಜನ, ಪೊಲೀಸರು ಬರುವತನಕ ಒಳಗೆ ಕಾಲಿಡದಿದ್ದರೆ ಅದೂ ತನಿಖೆಗೆ ಸಲ್ಲುವ ನೆರವೇ.