ಊರಿನ ತಂಡವನ್ನು ಸೋಲಿಸಿದ್ದು ಯಾರು?

ನಮ್ಮ ಕಂಪನಿಯ ಟೆಕ್ಸಾಸ್ ಟೀಮಿನ ಜೊತೆ ಕೆಲಸ ಮಾಡೋರಿಗೆಲ್ಲ ಒಂದು ವಿಷಯ ಗೊತ್ತು. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಅವರ ಶುಕ್ರವಾರ ಸಂಜೆಗೆ ಏನನ್ನೂ ಇಟ್ಟುಕೊಳ್ಳಬಾರದು. ರಿಲೀಸ್ ಇರಲಿ, ಸರ್ವರ್ ಬಿದ್ದಿರಲಿ, ಅರ್ಧ ಜನ ಕೈಗೆ ಸಿಗೋದಿಲ್ಲ. ಎಲ್ಲಿಗೆ ಹೋಗ್ತಾರೆ ಅಂದರೆ, ಹೈಸ್ಕೂಲು ಹುಡುಗರ ಫುಟ್‌ಬಾಲ್ ನೋಡೋದಕ್ಕೆ. ಫುಟ್‌ಬಾಲ್ ಅಂದರೆ ಅವರದ್ದು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡೋ ಆಟ. ಇನ್ನೂ ವಿಚಿತ್ರ ಅಂದರೆ, ಭಾನುವಾರ, ಸೋಮವಾರ, ಗುರುವಾರ ಟಿವಿಯನ್ನು ಆಳೋ ಎನ್‌ಎಫ್‌ಎಲ್ ಎಂಬ ದೈತ್ಯ ಲೀಗು ಆ ಶುಕ್ರವಾರ ಸಂಜೆಗಳಲ್ಲಿ ಟಿವಿಯಲ್ಲಿ ಕಾಣಿಸಿಕೊಳ್ಳೋದೇ ಇಲ್ಲ. ಇದು ದೊಡ್ಡವರು ಚಿಕ್ಕವರಿಗೆ ತೋರಿಸಿದ ಔದಾರ್ಯ ಅಲ್ಲ. ಹಿಂದೆ ಒಂದು ಕಾನೂನಿದೆ. ಆ ಕಾನೂನು ಬರೋ ಹೊತ್ತಿಗೆ ಇನ್ನೊಂದು ಆಟದಲ್ಲಿ ನೂರಾರು ಊರುಗಳ ತಂಡಗಳು ಮುಚ್ಚಿಹೋಗಿದ್ದವು. ಆ ಆಟ ಬೇಸ್‌ಬಾಲ್.

1949ನೇ ಇಸವಿ ತಗೊಳ್ಳಿ. ಆಗ ಮೇಜರ್ ಲೀಗ್ ಅಂದರೆ 16 ತಂಡ, ಅದೂ ಬರೀ ಹತ್ತು ನಗರಗಳಲ್ಲಿ. ಸೇಂಟ್ ಲೂಯಿಸ್ ದಾಟಿ ಪಶ್ಚಿಮಕ್ಕೆ ಹೋದರೆ ಒಂದೂ ಇಲ್ಲ. ಉಳಿದ ಇಡೀ ದೇಶಕ್ಕೆ ಮೈನರ್ ಲೀಗುಗಳು. ಆ ವರ್ಷ ಇಂಥ 59 ಲೀಗುಗಳಿದ್ದವು, ತಂಡಗಳು ನಾನೂರಕ್ಕೂ ಹೆಚ್ಚು. ಹತ್ತಿಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೂ ಒಂದು ತಂಡ, ಮರದ ಗ್ಯಾಲರಿಯ ಒಂದು ಮೈದಾನ, ಬೇಲಿ ತುಂಬಾ ಊರಿನ ಅಂಗಡಿಗಳ ಜಾಹೀರಾತು. ನಮ್ಮ ಕಡೆ ಜಾತ್ರೆಯ ಹೊತ್ತಿಗೆ ಹೊನಲು ಬೆಳಕಿನ ಕಬಡ್ಡಿ ಇಟ್ಟಾಗ ಸುತ್ತಲ ಹಳ್ಳಿಯೆಲ್ಲ ಬಂದು ಸೇರುತ್ತಲ್ಲ, ಅಂಥದ್ದು ಬೇಸಿಗೆ ಪೂರ್ತಿ, ಹೆಚ್ಚುಕಡಿಮೆ ದಿನಾ ಸಂಜೆ ನಡೀತಿತ್ತು ಅಂದುಕೊಳ್ಳಿ. ಆ ವರ್ಷ ಮೈನರ್ ಲೀಗ್ ಪಂದ್ಯಗಳಿಗೆ ಬಂದವರು ಸುಮಾರು 4 ಕೋಟಿ. ಮೇಜರ್ ಲೀಗಿಗೆ ಬಂದವರ ಎರಡರಷ್ಟು.

1963ರ ಹೊತ್ತಿಗೆ ಉಳಿದಿದ್ದ ಲೀಗುಗಳು ಇಪ್ಪತ್ತರ ಆಸುಪಾಸು, ಪ್ರೇಕ್ಷಕರು ಸುಮಾರು 1 ಕೋಟಿ.

ಹದಿನಾಲ್ಕು ವರ್ಷದಲ್ಲಿ ಇಷ್ಟು ಕುಸಿತ ಹೇಗಾಯ್ತು? "ಟಿವಿ ಬಂತು, ಆಯ್ತು" ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ಸ್ವಲ್ಪ ಹಿಂದಿನಿಂದ ನೋಡಬೇಕು, ಯಾಕಂದರೆ ಟಿವಿಗೆ ಮುಂಚೆ ರೇಡಿಯೋ ಬಂದಾಗ ಇದೇ ಭಯ ಹುಟ್ಟಿತ್ತು, ಮತ್ತು ಆಗ ಆ ಭಯ ಸುಳ್ಳಾಗಿತ್ತು.

1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ಸ್ಟೇಷನ್ ಮೊದಲ ಸಲ ಒಂದು ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯವನ್ನು ಪ್ರಸಾರ ಮಾಡಿತು. ಮೈದಾನದ ಮಾಲೀಕರಿಗೆ ತಲೆನೋವು ಶುರು. ಮನೇಲೇ ಪುಕ್ಕಟೆ ಕೇಳೋ ಹಾಗಿದ್ದರೆ ಟಿಕೆಟ್ ಯಾರು ತಗೋತಾರೆ? ನ್ಯೂಯಾರ್ಕಿನ ಮೂರು ತಂಡಗಳಂತೂ 1934ರಲ್ಲಿ ಒಪ್ಪಂದ ಮಾಡಿಕೊಂಡು ಐದು ವರ್ಷ ರೇಡಿಯೋವನ್ನೇ ಹೊರಗಿಟ್ಟವು. ಆದರೆ ಶಿಕಾಗೋ ಕಬ್ಸ್ ತಂಡದ ಮಾಲೀಕ, ಚ್ಯೂಯಿಂಗ್ ಗಮ್ ವ್ಯಾಪಾರಿ ರಿಗ್ಲಿ, ಉಲ್ಟಾ ಲೆಕ್ಕ ಹಾಕಿದ. ಜಾಹೀರಾತಿನಿಂದಲೇ ಬೆಳೆದ ಮನುಷ್ಯ. ಯಾವ ಸ್ಟೇಷನ್ ಬೇಕಾದರೂ ಬಂದು ಪ್ರಸಾರ ಮಾಡಿ ಅಂದ. ಮಧ್ಯಾಹ್ನ ಮನೇಲಿ ರೇಡಿಯೋ ಕೇಳ್ತಿದ್ದ ಹೆಂಗಸರಿಗೆ ಆಟದ ರುಚಿ ಹತ್ತಿತು, ಮೈದಾನಕ್ಕೆ ಬರೋಕೆ ಶುರು ಮಾಡಿದರು. ಕಬ್ಸ್ ಒಳ್ಳೆ ಆಟ ಆಡಿದ್ದೂ ಕಾರಣವೇ ಅನ್ನಿ, 1929ರಲ್ಲಿ ಅವರ ಮೈದಾನಕ್ಕೆ ಬಂದವರ ಸಂಖ್ಯೆ 14 ಲಕ್ಷ ದಾಟಿತು.

ರೇಡಿಯೋದ ಇನ್ನೊಂದು ಮಜಾ ಹೇಳದೆ ಮುಂದೆ ಹೋಗೋಕಾಗಲ್ಲ. ಆಗ ಎಷ್ಟೋ ಸ್ಟೇಷನ್‌ಗಳು ಮೈದಾನಕ್ಕೆ ಹೋಗ್ತಾನೇ ಇರಲಿಲ್ಲ. ಟೆಲಿಗ್ರಾಫಿನಲ್ಲಿ ಬರೋ ಚುಟುಕು ಸುದ್ದಿಯನ್ನು ನೋಡಿಕೊಂಡು, ಸ್ಟುಡಿಯೋದಲ್ಲೇ ಕೂತು, ಕಣ್ಣಾರೆ ನೋಡ್ತಿರೋ ಹಾಗೆ ವರ್ಣಿಸೋದು. ಅಯೋವಾ ರಾಜ್ಯದ ಡಿ ಮೊಯಿನ್‌ನಲ್ಲಿ ಇದೇ ಕೆಲಸ ಮಾಡ್ತಿದ್ದ ಒಬ್ಬ ಯುವಕ ಮುಂದೆ ಅಮೆರಿಕದ ಅಧ್ಯಕ್ಷನಾದ: ರೊನಾಲ್ಡ್ ರೇಗನ್. ಒಂದು ಸಲ ಪಂದ್ಯದ ಮಧ್ಯೆ ತಂತಿ ಕೈಕೊಟ್ಟಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕನೆಕ್ಷನ್ ಹೋಗಿದೆ, ಆದರೆ ಸ್ಕ್ರೀನ್ ಮೇಲೆ ಚಕ್ರ ತಿರುಗಿಸಿ ಬಚಾವಾಗೋ ಹಾಗಿಲ್ಲ. ರೇಗನ್ ಏನು ಮಾಡಿದ? ಬ್ಯಾಟುಗಾರನಿಂದ ಫೌಲ್ ಮೇಲೆ ಫೌಲ್ ಹೊಡೆಸಿದ. ಬ್ಯಾಟಿಗೆ ತಗುಲಿ ಗೆರೆಯಾಚೆ ಹೋಗೋ ಚೆಂಡು ಫೌಲ್. ಎಷ್ಟು ಹೊಡೆದರೂ ನಾಳೆಯ ಪೇಪರಿನ ಸ್ಕೋರಿನಲ್ಲಿ ಬರೋದಿಲ್ಲ, ಹಾಗಾಗಿ ಸಿಕ್ಕಿಬೀಳೋ ಭಯ ಇಲ್ಲ. ತಂತಿ ಸರಿಯಾಗೋವರೆಗೂ ಆ ಪುಣ್ಯಾತ್ಮ ಹೊಡೀತಾನೇ ಇದ್ದ. ಈ ಕತೆಯನ್ನು ರೇಗನ್ ತಾನೇ ಜೀವನಪೂರ್ತಿ ಹೇಳಿಕೊಂಡು ನಗಿಸಿದ.

ಇಂಥ ಕಲ್ಪನೆಯ ಪ್ರಸಾರವನ್ನೇ ದೊಡ್ಡ ಉದ್ಯಮ ಮಾಡಿದವನು ಡಲ್ಲಾಸ್‌ನ ಗಾರ್ಡನ್ ಮೆಕ್‌ಲೆಂಡನ್. ಜನರ ಕೂಗು, ಚಪ್ಪಾಳೆ ಎಲ್ಲ ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು, ಲಿಬರ್ಟಿ ಅನ್ನೋ ತನ್ನ ಜಾಲದ ಮೂಲಕ ದಿನಾ ಒಂದು ಮೇಜರ್ ಲೀಗ್ ಪಂದ್ಯವನ್ನು ದೇಶಕ್ಕೆಲ್ಲ ಹಂಚಿದ. ಉಚ್ಛ್ರಾಯದಲ್ಲಿ ನಾನೂರಕ್ಕೂ ಹೆಚ್ಚು ಸ್ಟೇಷನ್‌ಗಳು ಸೇರಿದ್ದವು. 1952ರಲ್ಲಿ ಲಿಬರ್ಟಿ ದಿವಾಳಿಯಾಯಿತು, ಆದರೆ ಸಣ್ಣ ಊರಿನವರ ಕಿವಿಗೆ ದೊಡ್ಡ ಲೀಗಿನ ಹೆಸರುಗಳು ಅಷ್ಟರಲ್ಲಿ ಕೂತುಬಿಟ್ಟಿದ್ದವು.

ಇಲ್ಲಿ ಗಮನಿಸಬೇಕಾದ್ದು ಇದು. ರಿಗ್ಲಿಯ ರೇಡಿಯೋ ಶಿಕಾಗೋದವರಿಗೆ ಶಿಕಾಗೋ ತಂಡವನ್ನೇ ತೋರಿಸುತ್ತಿತ್ತು. ಕೇಳಿ ಆಸೆ ಹುಟ್ಟಿದರೆ ಟ್ರಾಮ್ ಹತ್ತಿ ಮೈದಾನಕ್ಕೆ ಹೋಗಬಹುದಿತ್ತು. ಲಿಬರ್ಟಿಯ ಪ್ರಸಾರ ಟೆಕ್ಸಾಸಿನ ಮೂಲೆಯವನಿಗೆ ನ್ಯೂಯಾರ್ಕನ್ನು ತೋರಿಸುತ್ತಿತ್ತು. ಅವನಿಗೆ ಹುಟ್ಟಿದ ಆಸೆ ಎಲ್ಲಿಗೆ ಹೋಗಬೇಕು? ಪಕ್ಕದ ಮೈದಾನದ ಹುಡುಗರು ಇದ್ದಕ್ಕಿದ್ದ ಹಾಗೆ 'ಬರೀ' ಮೈನರ್ ಲೀಗಿನವರಾಗಿ ಕಂಡರು. ಯಾವ ಆಟ ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ ಅಂತ ತೀರ್ಮಾನಿಸೋ ಅಧಿಕಾರ ಊರಿನಿಂದ ಜಾರಿ ತಂತಿಯ ಆ ತುದಿಗೆ ಹೋಯಿತು. ಮಾಧ್ಯಮದ ಪ್ರಭಾವ ಅಂದರೆ ನನ್ನ ಪ್ರಕಾರ ಇದೇ, ಭಾಷಣ ಗೀಷಣ ಅಲ್ಲ.

ಆಮೇಲೆ ಟಿವಿ. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ 9ರಲ್ಲಿ ಟಿವಿ ಇತ್ತು. 1955ರಲ್ಲಿ 64ರಲ್ಲಿ, 1960ರಲ್ಲಿ 87ರಲ್ಲಿ. ಮೊದಲ ಪೆಟ್ಟು ಬಿದ್ದಿದ್ದು ದೊಡ್ಡ ನಗರಗಳ ಪಕ್ಕದಲ್ಲಿದ್ದವರಿಗೆ. ನ್ಯೂಯಾರ್ಕಿನಿಂದ ಹಡ್ಸನ್ ನದಿಯಾಚೆಗಿನ ನೆವಾರ್ಕ್‌ನಲ್ಲಿ ಬೇರ್ಸ್ ಅನ್ನೋ ತಂಡವಿತ್ತು. 1937ರಲ್ಲಿ ತನ್ನ ಲೀಗನ್ನು ಇಪ್ಪತ್ತೈದೂವರೆ ಪಂದ್ಯಗಳ ಅಂತರದಿಂದ ಗೆದ್ದ, ಮೈನರ್ ಲೀಗಿನ ಅತಿ ಶ್ರೇಷ್ಠ ತಂಡಗಳಲ್ಲಿ ಒಂದು ಅಂತ ಇವತ್ತಿಗೂ ಹೆಸರಿರೋ ತಂಡ. ನ್ಯೂಯಾರ್ಕಿನ ಮೂರೂ ತಂಡಗಳ ಪಂದ್ಯಗಳು ಟಿವಿಯಲ್ಲಿ ಬರೋಕೆ ಶುರುವಾದ ಮೇಲೆ ಬೇರ್ಸ್ ಮೈದಾನ ಖಾಲಿಯಾಯಿತು. 1949ರ ಸೀಸನ್ ಮುಗಿಸಿ ತಂಡ ಊರು ಬಿಟ್ಟಿತು. ಮರುವರ್ಷ ಪಕ್ಕದ ಜರ್ಸಿ ಸಿಟಿಯ ತಂಡವೂ ಗಂಟುಮೂಟೆ ಕಟ್ಟಿತು.

ದೊಡ್ಡವರೂ ತಪ್ಪಿಸಿಕೊಳ್ಳಲಿಲ್ಲ. ಬೋಸ್ಟನ್ ಬ್ರೇವ್ಸ್ ತಂಡದವರು ತವರಿನ ಪಂದ್ಯಗಳನ್ನು ಧಾರಾಳವಾಗಿ ಟಿವಿಗೆ ಮಾರಿದರು. 1948ರಲ್ಲಿ 14 ಲಕ್ಷ ದಾಟಿದ್ದ ಪ್ರೇಕ್ಷಕರು 1952ರಲ್ಲಿ 2 ಲಕ್ಷದ 81 ಸಾವಿರಕ್ಕೆ ಇಳಿದರು. ತಂಡ ಸೋಲ್ತಾ ಇದ್ದದ್ದೂ ಕಾರಣ ಹೌದು. 1953ರಲ್ಲಿ ಮಾಲೀಕ ಲೂ ಪೆರಿನಿ ತಂಡವನ್ನು ಮಿಲ್ವಾಕೀಗೆ ಒಯ್ದ, ಅಲ್ಲಿ ಟಿವಿಗೆ ಬಾಗಿಲು ಹಾಕಿದ. ಮೊದಲ ವರ್ಷವೇ 18 ಲಕ್ಷ ಜನ ಬಂದರು. ಆದರೆ ಅಲ್ಲಿ ಮೊದಲಿದ್ದ ಮೈನರ್ ಲೀಗ್ ತಂಡ ಜಾಗ ಖಾಲಿ ಮಾಡಬೇಕಾಯಿತು ಅನ್ನೋದನ್ನು ಯಾರೂ ಅಷ್ಟಾಗಿ ನೆನೆಯೋದಿಲ್ಲ.

ಈಗ ಬರೋದು ಇಡೀ ಕತೆಯಲ್ಲಿ ನನಗೆ ಅತಿ ಸಿಟ್ಟು ಬರಿಸೋ ಭಾಗ. 1953ರಲ್ಲಿ ಎಬಿಸಿ ಚಾನೆಲ್ 'ಗೇಮ್ ಆಫ್ ದ ವೀಕ್' ಶುರು ಮಾಡಿತು. ಪ್ರತಿ ಶನಿವಾರ ಒಂದು ಮೇಜರ್ ಲೀಗ್ ಪಂದ್ಯ. ಮೇಜರ್ ಲೀಗಿನವರ ಷರತ್ತು ಏನಪ್ಪಾ ಅಂದರೆ, ನಮ್ಮ ತಂಡಗಳಿರೋ ನಗರಗಳಲ್ಲಿ ಮಾತ್ರ ಇದನ್ನು ತೋರಿಸಕೂಡದು, ನಮ್ಮ ಗೇಟಿಗೆ ಹೊಡೆತ ಬೀಳುತ್ತೆ. ಹಾಗಾದರೆ ತೋರಿಸಿದ್ದೆಲ್ಲಿ? ಉಳಿದ ಕಡೆ. ಅಂದರೆ ಮೈನರ್ ಲೀಗಿನ ಊರುಗಳಲ್ಲಿ! ಟಿವಿ ಗೇಟಿಗೆ ಹೊಡೆತ ಅಂತ ಚೆನ್ನಾಗಿ ಗೊತ್ತಿದ್ದವರೇ ತಮ್ಮ ಮನೆಗೆ ಚಿಲಕ ಹಾಕಿಕೊಂಡು ಪಕ್ಕದ ಮನೆಯ ಬಾಗಿಲು ತೆಗೆದಿಟ್ಟರು.

ಕಾರ್ಯಕ್ರಮವೇನೋ ಭಾರಿ ಚೆನ್ನಾಗಿತ್ತು. ನಿರೂಪಕ ಡಿಜ್ಜಿ ಡೀನ್, ಅರ್ಕನ್ಸಾದಲ್ಲಿ ಹತ್ತಿ ಬಿಡಿಸಿ ಬೆಳೆದವನು, 1934ರಲ್ಲಿ 30 ಪಂದ್ಯ ಗೆದ್ದುಕೊಟ್ಟ ಬೌಲರ್ (ಅವರು ಪಿಚರ್ ಅಂತಾರೆ). ವ್ಯಾಕರಣಕ್ಕೆ ಸೊಪ್ಪು ಹಾಕದ ಹಳ್ಳಿ ಇಂಗ್ಲಿಷು ಅವನದ್ದು. ಜಾರಿದ ಅನ್ನೋದಕ್ಕೆ 'ಸ್ಲಿಡ್' ಅನ್ನಬೇಕಾದ ಕಡೆ 'ಸ್ಲಡ್' ಅಂತಿದ್ದ. ಹಿಂದೆ ರೇಡಿಯೋದಲ್ಲಿದ್ದಾಗ ಮಕ್ಕಳ ಭಾಷೆ ಕೆಡ್ತಿದೆ ಅಂತ ಮಿಸೌರಿಯ ಮೇಷ್ಟ್ರುಗಳು ದೂರು ಕೊಟ್ಟಿದ್ದುಂಟು. ಹಳ್ಳಿಗರಿಗೆ ಮಾತ್ರ ತಮ್ಮವನೇ ಪರದೆಯ ಮೇಲೆ ಮಾತಾಡಿದ ಹಾಗೆ. ನೋಡಿ ವಿಪರ್ಯಾಸ: ಊರಿನ ಆಟವನ್ನು ಮರೆಸಿದ ದನಿ, ಊರಿನ ದನಿಯೇ.

ಇದನ್ನು ತಡೆಯೋಕೆ ಯಾರೂ ನೋಡಲಿಲ್ಲವೇ? ನೋಡಿದರು. ಒಂದು ತಂಡದ ಪ್ರಸಾರ ಇನ್ನೊಂದರ ಸೀಮೆಗೆ ಅದರ ಒಪ್ಪಿಗೆಯಿಲ್ಲದೆ ಹೋಗಬಾರದು ಅಂತ ಬೇಸ್‌ಬಾಲಿನವರದೇ ಒಂದು ನಿಯಮ ಇತ್ತು. ಇದು ಸ್ಪರ್ಧೆಯನ್ನು ಹತ್ತಿಕ್ಕೋ ಏಕಸ್ವಾಮ್ಯ ಅಂತ ಸರ್ಕಾರದ ನ್ಯಾಯ ಇಲಾಖೆ ಆಕ್ಷೇಪ ಎತ್ತಿತು. ಮೊದಲು ಸಡಿಲಿಸಿದರು, 1951ರಲ್ಲಿ ಕೈಬಿಟ್ಟರು. ಕಾಗದದ ಮೇಲೆ ಸ್ಪರ್ಧೆ ಗೆದ್ದಿತು. ನಾನೂರು ಊರುಗಳ ನಿಜವಾದ ಸ್ಪರ್ಧೆ ಸೋತಿತು. 1953ರಲ್ಲಿ ಕೊಲರಾಡೋದ ಸೆನೆಟರ್ ಎಡ್ವಿನ್ ಜಾನ್ಸನ್ ಆ ನಿಯಮಕ್ಕೆ ಮತ್ತೆ ಜೀವ ಕೊಡೋ ಮಸೂದೆ ತಂದ. ಅವನೇ ವೆಸ್ಟರ್ನ್ ಲೀಗ್ ಎಂಬ ಮೈನರ್ ಲೀಗಿನ ಅಧ್ಯಕ್ಷನೂ ಹೌದು, ಹಾಗಾಗಿ ಸ್ವಂತ ಹಿತ ಇತ್ತು. ಮಸೂದೆ ಕಾನೂನಾಗಲಿಲ್ಲ.

ಎಲ್ಲ ತಪ್ಪೂ ಪ್ರಸಾರದ್ದೇ ಅಂತ ನಾನು ಹೇಳಲ್ಲ. ಮನೆಮನೆಗೆ ಕಾರು ಬಂತು, ಜನ ಉಪನಗರಗಳಿಗೆ ಹೋದರು, ಮನೆಯೊಳಗೆ ಏಸಿ ಬಂದ ಮೇಲೆ ಸೆಖೆಯ ಸಂಜೆ ಹೊರಗೆ ಕೂರೋ ಅಗತ್ಯ ತಪ್ಪಿತು, ಕೊರಿಯಾ ಯುದ್ಧ ಹುಡುಗರನ್ನು ಎಳೆದುಕೊಂಡಿತು. ಬೇಸ್‌ಬಾಲೇ ಬೇಕಂತಿಲ್ಲ, ಟಿವಿಯಲ್ಲಿ ಹಾಸ್ಯ ಕಾರ್ಯಕ್ರಮ ಬಂದರೂ ಜನ ಮನೇಲೇ ಉಳೀತಿದ್ದರು. ಆದರೂ ಬಾಕ್ಸಿಂಗಿನಲ್ಲೂ ಇದೇ ಆಯಿತು ಅನ್ನೋದನ್ನು ನೋಡಿದಾಗ ಟಿವಿಯ ಪಾಲು ದೊಡ್ಡದೇ ಅನಿಸುತ್ತೆ. ದೊಡ್ಡ ಹೋರಾಟಗಳು ವಾರವಾರ ಪುಕ್ಕಟೆ ಮನೆಗೆ ಬಂದಾಗ ಬೀದಿಬೀದಿಯ ಸಣ್ಣ ಬಾಕ್ಸಿಂಗ್ ಕ್ಲಬ್ಬುಗಳು ಮುಚ್ಚಿದವು. ಹೊಸ ಹುಡುಗರು ಪಳಗ್ತಿದ್ದ ಜಾಗಗಳೇ ಅವು.

ಫುಟ್‌ಬಾಲಿನವರು ಬುದ್ಧಿವಂತರು. ಎನ್‌ಎಫ್‌ಎಲ್ ಮುಖ್ಯಸ್ಥ ಪೀಟ್ ರೋಜೆಲ್ ಎಲ್ಲ ತಂಡಗಳ ಪ್ರಸಾರ ಹಕ್ಕನ್ನೂ ಒಟ್ಟಿಗೆ ಮಾರಿ ಸಮಪಾಲು ಹಂಚೋಣ ಅಂದ. ಕೋರ್ಟು ಬೇಡವೆಂದಿತು. ಕೆಲವೇ ತಿಂಗಳಲ್ಲಿ ಸಂಸತ್ತು ಹೊಸ ಕಾನೂನು ಮಾಡಿತು, 1961ರ ಸೆಪ್ಟೆಂಬರ್ 30ರಂದು ಕೆನಡಿ ಸಹಿ ಹಾಕಿದರು. ಸಿಬಿಎಸ್ ಜೊತೆ ವರ್ಷಕ್ಕೆ 46.5 ಲಕ್ಷ ಡಾಲರಿನ ಒಪ್ಪಂದ ಆಯಿತು. ನ್ಯೂಯಾರ್ಕಿಗೆ ಎಷ್ಟೋ, ಗ್ರೀನ್ ಬೇಗೂ ಅಷ್ಟೇ. ಲಕ್ಷ ಜನಸಂಖ್ಯೆಯ ಗ್ರೀನ್ ಬೇಯಲ್ಲಿ ಇವತ್ತಿಗೂ ಎನ್‌ಎಫ್‌ಎಲ್ ತಂಡ ಉಳಿದಿದ್ದರಲ್ಲಿ ಈ ಸಮಪಾಲಿನದೇ ದೊಡ್ಡ ಕೈ.

ಅದೇ ಕಾನೂನಿನಲ್ಲಿ ಒಂದು ಸಣ್ಣ ಸಾಲು. ಸೆಪ್ಟೆಂಬರಿನ ಎರಡನೇ ಶುಕ್ರವಾರದಿಂದ ಡಿಸೆಂಬರಿನ ಎರಡನೇ ಶನಿವಾರದವರೆಗೆ, ಶುಕ್ರವಾರ ಸಂಜೆ ಆರರ ಮೇಲೆ ಮತ್ತು ಶನಿವಾರ, ಕಾಲೇಜು ಪಂದ್ಯ ನಡೆಯೋ ಮೈದಾನದ 75 ಮೈಲಿಯೊಳಗಿನ ಸ್ಟೇಷನ್‌ನಿಂದ ವೃತ್ತಿಪರ ಪಂದ್ಯ ಪ್ರಸಾರ ಮಾಡಿದರೆ ಆ ರಿಯಾಯಿತಿ ಅನ್ವಯಿಸೋದಿಲ್ಲ. 1966ರಲ್ಲಿ ಶಾಲಾ ಪಂದ್ಯಗಳನ್ನೂ ಸೇರಿಸಿದರು. ಬೇಸ್‌ಬಾಲಿನ ಸಣ್ಣ ಊರುಗಳಿಗೆ ಇಂಥ ಸಾಲು ಸಿಗಲೇ ಇಲ್ಲ.

ಕೋಡ್ ಬರೆಯೋರಿಗೆ ಗೊತ್ತಿರೋ ಹಾಗೆ, ಕಂಡೀಶನ್ ಇದ್ದಲ್ಲಿ ಅದರ ಅಂಚನ್ನು ಹುಡುಕೋರು ಇದ್ದೇ ಇರ್ತಾರೆ. 2023ರಿಂದ ಎನ್‌ಎಫ್‌ಎಲ್ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದ ಶುಕ್ರವಾರ ಒಂದು ಪಂದ್ಯ ಇಡುತ್ತಿದೆ, ನ್ಯೂಯಾರ್ಕ್ ಸಮಯ ಮಧ್ಯಾಹ್ನ ಮೂರಕ್ಕೆ. 2024ರಲ್ಲಿ ಬ್ರೆಜಿಲ್‌ನಲ್ಲಿ ಶುಕ್ರವಾರ ರಾತ್ರಿಯೇ ಆಡಿಸಿದರು. ಅವತ್ತು ತಾರೀಕು ಸೆಪ್ಟೆಂಬರ್ 6, ತಿಂಗಳ ಮೊದಲನೇ ಶುಕ್ರವಾರ. ಆಡಿದ ಎರಡು ತಂಡಗಳಲ್ಲಿ ಒಂದು ಗ್ರೀನ್ ಬೇ.