ಪರಿಚಯದ ಸಹಿ ಹಾಕುವವರು ಯಾರು? ಕಟಪಾಡಿಯಿಂದ ಕೊಲ್ಲಿಗೆ ಹೋದವರ ಬ್ಯಾಂಕ್ ಖಾತೆಯ ಚರಿತ್ರೆ

ಪೋಸ್ಟು ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ.

ನಮ್ಮ ಜಿಲ್ಲೆ ಬ್ಯಾಂಕುಗಳ ತವರು ಅನ್ನುವ ಭಾಷಣ ಕೇಳದೆ ಉಡುಪಿಯಲ್ಲಿ ಯಾರೂ ದೊಡ್ಡವರಾಗುವುದಿಲ್ಲ. ಮಾತು ಸುಳ್ಳಲ್ಲ. 1906ರ ಮಾರ್ಚ್‌ನಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಶುರು ಮಾಡಿದ ಬ್ಯಾಂಕಿಗೆ ಮೊದಲ ದಿನ ಬಂದ ದುಡ್ಡು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದರು, ಅದು ಈಗಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಕಟಪಾಡಿಯಿಂದ ನಡೆದು ಹೋಗುವಷ್ಟು ಹತ್ತಿರದ ಪಾಂಗಾಳದ ಹೆಸರಲ್ಲೂ ಒಂದು ಬ್ಯಾಂಕಿತ್ತು, ಪಾಂಗಾಳ ನಾಯಕ್ ಬ್ಯಾಂಕ್. ಸಾರಸ್ವತರಿಗೆ ಒಂದು, ಬಂಟರಿಗೆ ಒಂದು, ಬ್ರಾಹ್ಮಣರಿಗೆ ಒಂದು ಅನ್ನುವ ಹಾಗೆ ಒಂದೊಂದು ಬ್ಯಾಂಕಿನ ಹಿಂದೆ ಒಂದೊಂದು ಸಮುದಾಯದ ಬಲ ಇತ್ತು. ಸಾಹೇಬರ ಬ್ಯಾಂಕಿಗೆ ಎಲ್ಲ ಜಾತಿಯ ಪಾಲುದಾರರು ಇದ್ದರು ಅಂತ ಹೇಳುತ್ತಾರೆ, "ಎಲ್ಲ" ಅನ್ನುವ ಪದದಲ್ಲಿ ನಾವು ಯಾವತ್ತು ಸೇರಿದ್ದೆವು ಬಿಡಿ.

ಕಾರಣ ಬರೀ ಮೈಲಿಗೆ ಅಲ್ಲ, ಅದನ್ನೂ ಹೇಳಬೇಕು. ಸಿಂಡಿಕೇಟಿನ ಪಿಗ್ಮಿ ಠೇವಣಿ 1928ರದ್ದು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಾನೆ. ಬಡವರ ಬ್ಯಾಂಕಿಂಗ್ ಅಂತ ದೇಶವೇ ಹೊಗಳಿದ ಯೋಜನೆ ಅದು, ಹೊಗಳಿಕೆಗೆ ಅರ್ಹವೇ. ಆದರೆ ದಿನಕ್ಕೆ ಎರಡಾಣೆ ಉಳಿಸಬೇಕಾದರೆ ಮೊದಲು ಕೂಲಿ ಆಣೆಯಲ್ಲಿ ಸಿಗಬೇಕಲ್ಲ ಮಾರ್ರೆ. ನಮ್ಮ ಹಿರಿಯರು ಧಣಿಗಳ ಮೂಲದ ಆಳುಗಳು. ಕೂಲಿ ಸಿಗುತ್ತಿದ್ದದ್ದು ಭತ್ತದಲ್ಲಿ, ಸೇರಿನ ಲೆಕ್ಕದಲ್ಲಿ. ಭತ್ತಕ್ಕೆ ಪಾಸ್‌ಬುಕ್ ಇಲ್ಲ. ದುಡ್ಡು ಅನ್ನುವುದು ನಮ್ಮ ಕೇರಿಗೆ ಸರಿಯಾಗಿ ಬಂದದ್ದೇ ಊರು ಬಿಟ್ಟವರಿಂದ.

ಈಗ ಸಮುದ್ರದ ಆಚೆ ಹೋಗೋಣ. ಒಂದು ಕಾಲಕ್ಕೆ ಕೊಲ್ಲಿಯಲ್ಲಿ ಓಡುತ್ತಿದ್ದದ್ದು ನಮ್ಮದೇ ರೂಪಾಯಿ ಅಂತ ಎಷ್ಟು ಜನರಿಗೆ ಗೊತ್ತು? ಕುವೈತ್, ಬಹರೈನ್, ಕತಾರ್, ದುಬೈ, ಎಲ್ಲ ಕಡೆ. ರೂಪಾಯಿ ಕೊಟ್ಟು ಚಿನ್ನದ ಕಳ್ಳಸಾಗಣೆ ಜಾಸ್ತಿಯಾಗಿ ವಿದೇಶಿ ವಿನಿಮಯ ಸೋರಿಹೋಗುತ್ತಿದೆ ಅಂತ 1959ರಲ್ಲಿ ರಿಸರ್ವ್ ಬ್ಯಾಂಕ್ ಆ ದೇಶಗಳಿಗೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. ಗಲ್ಫ್ ರೂಪಾಯಿ ಅಂತಾರೆ ಅದಕ್ಕೆ. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡವು. 1966ರ ಜೂನ್‌ನಲ್ಲಿ ಇಂದಿರಾ ಸರಕಾರ ರೂಪಾಯಿ ಅಪಮೌಲ್ಯ ಮಾಡಿ, ಡಾಲರಿಗೆ 4.76 ಇದ್ದದ್ದು 7.50 ಆದಾಗ ಕತಾರ್, ದುಬೈಗಳೂ ಕೈಬಿಟ್ಟವು. ನಮ್ಮೂರಿನವರು ಗುಂಪುಗುಂಪಾಗಿ ಹೋಗಲು ಶುರು ಮಾಡಿದ್ದು 1973ರ ತೈಲಬೆಲೆ ಏರಿಕೆಯ ನಂತರ. ಅಂದರೆ ನಾವು ಹೋಗುವ ಹೊತ್ತಿಗೆ ಅಲ್ಲಿ ನಮ್ಮ ನೋಟೂ ಪರದೇಶಿ, ನಾವೂ ಪರದೇಶಿ.

ಕಾಪು, ಶಿರ್ವ, ಉದ್ಯಾವರ, ಕಟಪಾಡಿಯಿಂದ ಮೊದಲು ಹೋದವರು ನಮ್ಮವರಲ್ಲ. ವೀಸಾಕ್ಕೆ ಅಲ್ಲೊಬ್ಬ ಸಂಬಂಧಿಕ ಬೇಕು, ಇಲ್ಲಿ ಅಡವಿಡಲು ಜಾಗವೋ ಚಿನ್ನವೋ ಬೇಕು. ಎರಡೂ ಇಲ್ಲದವರು ತಡವಾಗಿ ಹೋದರು, ಕೆಳಗಿನ ಕೆಲಸಕ್ಕೆ ಹೋದರು. 1983ರ ವಲಸೆ ಕಾಯ್ದೆ ಬಂದ ಮೇಲೆ ಹತ್ತನೇ ಕ್ಲಾಸು ಮುಗಿಸದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕು ಅನ್ನುವ ಮುದ್ರೆ. ಶೋಷಣೆ ತಡೆಯಲು ಮಾಡಿದ್ದು, ಒಪ್ಪೋಣ. ಆದರೆ ನಮ್ಮಲ್ಲಿ ಹತ್ತನೇ ಕ್ಲಾಸು ಮುಗಿಸಲು ಯಾರಿಗೆ ಬಿಟ್ಟಿದ್ದರು? ಆ ಮುದ್ರೆ ನೋಡಿದರೆ ಏಜೆಂಟನಿಗೆ ಇವನ ಹತ್ತಿರ ಎಷ್ಟು ಕೀಳಬಹುದು ಅಂತ ಗೊತ್ತಾಗುತ್ತಿತ್ತು.

ನನ್ನ ದೊಡ್ಡಪ್ಪ 1979ರಲ್ಲಿ ಬಹರೈನಿಗೆ ಹೋದವರು, ಕಟ್ಟಡದ ಕೆಲಸಕ್ಕೆ. ಅಲ್ಲಿ ವಿದೇಶಿಯನಾಗಿ ಬ್ಯಾಂಕ್ ಖಾತೆ ತೆರೆಯಬೇಕಾದರೆ ಏನು ಬೇಕು? ಪಾಸ್‌ಪೋರ್ಟ್, ವಾಸದ ಪರವಾನಗಿ, ಕೆಲಸ ಕೊಟ್ಟವನ ಪತ್ರ. ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿ. ಪರವಾನಗಿ ಕಫೀಲನ ಹೆಸರಿಗೆ ಅಂಟಿಕೊಂಡದ್ದು. ಪತ್ರ ಕೊಡಬೇಕಾದವನೂ ಕಫೀಲನೇ. ಮೂರು ಬೀಗಕ್ಕೂ ಒಂದೇ ಕೈಯಲ್ಲಿ ಕೀಲಿ. ಸಂಬಳ ಲಕೋಟೆಯಲ್ಲಿ, ಕೈಗೆ. ಆ ಲಕೋಟೆ ಹಿಡಿದು ಶುಕ್ರವಾರ ಎಕ್ಸ್‌ಚೇಂಜ್ ಅಂಗಡಿಗೆ ಹೋಗಿ ರೂಪಾಯಿ ಡ್ರಾಫ್ಟ್ ಮಾಡಿಸಿ ರಿಜಿಸ್ಟರ್ಡ್ ಪೋಸ್ಟಲ್ಲಿ ಮನೆಗೆ ಕಳಿಸುವುದು. ಕಳ್ಳರು ಹಾರಿಸದಿರಲಿ ಅಂತ ಡ್ರಾಫ್ಟಿನ ಮೂಲೆಗೆ ಎರಡು ಗೆರೆ, "ಖಾತೆದಾರರಿಗೆ ಮಾತ್ರ". ಅಂದರೆ ಯಾರ ಹೆಸರಲ್ಲಿದೆಯೋ ಅವರ ಖಾತೆಗೆ ಮಾತ್ರ ಜಮಾ, ಕೈಗೆ ನಗದು ಕೊಡುವಂತಿಲ್ಲ.

ಕಥೆ ಸಿಕ್ಕಿಬಿದ್ದದ್ದು ಇಲ್ಲಿ. ಅಜ್ಜಿಗೆ ಖಾತೆ ಇರಲಿಲ್ಲ. ಬ್ಯಾಂಕುಗಳ ರಾಷ್ಟ್ರೀಕರಣ ಆಗಿ ಹತ್ತು ವರ್ಷ ಕಳೆದಿತ್ತು. 1969ರ ಜುಲೈ 19ರ ಆ 14 ಬ್ಯಾಂಕುಗಳಲ್ಲಿ ಎರಡು ನಮ್ಮ ಜಿಲ್ಲೆಯವೇ, ಕೆನರಾ ಮತ್ತು ಸಿಂಡಿಕೇಟ್. ಶಾಖೆಗಳೇನೋ ಹಳ್ಳಿಗೆ ಬಂದವು. ಆದರೆ ಖಾತೆಯ ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಪರಿಚಯಿಸುವವರ ಹೆಸರು, ಖಾತೆ ಸಂಖ್ಯೆ, ಸಹಿ. ಆಗಲೇ ಖಾತೆ ಇರುವ ಒಬ್ಬರು "ಇವರನ್ನು ನಾನು ಬಲ್ಲೆ" ಅಂತ ಸಹಿ ಹಾಕಬೇಕು. ನಮ್ಮ ಕೇರಿಯ ಇಪ್ಪತ್ತು ಮನೆಯಲ್ಲಿ ಒಬ್ಬರಿಗೂ ಖಾತೆ ಇಲ್ಲ ಅಂದರೆ ಯಾರು ಯಾರನ್ನು ಬಲ್ಲರು? ನಮ್ಮನ್ನು ತಲೆಮಾರುಗಟ್ಟಲೆ ಬಲ್ಲ ಖಾತೆದಾರ ಒಬ್ಬನೇ, ಧಣಿ.

ಧಣಿ ಸಹಿ ಹಾಕಲಿಲ್ಲ. "ನಿನಗ್ಯಾಕೆ ಖಾತೆ, ಡ್ರಾಫ್ಟು ನನ್ನ ಹೆಸರಿಗೆ ಬರಲಿ, ನಾನು ದುಡ್ಡು ಕೊಡ್ತೇನೆ" ಅಂದರಂತೆ. ಹೇಳಿದ ಧ್ವನಿ ಉಪಕಾರದ್ದೇ. ಮೂರು ವರ್ಷ ದೊಡ್ಡಪ್ಪನ ಬೆವರು ಧಣಿಯ ಖಾತೆಗೆ ಜಮಾ ಆಯಿತು. ಅಜ್ಜಿ ಅಂಗಳದಲ್ಲಿ ನಿಂತು, ಮಗ ದುಡಿದ ದುಡ್ಡನ್ನು ಕೈ ಚಾಚಿ ಇಸ್ಕೊಂಡು ಬರುತ್ತಿದ್ದಳು. ಹಳೇ ಸಾಲ, ಬಡ್ಡಿ, ಮದುವೆಗೆ ಕೊಟ್ಟ ಅಕ್ಕಿ ಅಂತ ಮುರಿದುಕೊಂಡು ಉಳಿದದ್ದು. ದೊಡ್ಡಪ್ಪ ಡ್ರಾಫ್ಟಿನ ಕೌಂಟರ್‌ಫಾಯಿಲ್ ಎಲ್ಲ ಜೋಪಾನ ಮಾಡಿದ್ದರು, 31 ಹಾಳೆ. ಊರಿಗೆ ಬಂದಾಗ ಆ 31 ಹಾಳೆಯನ್ನೂ ಮನೆಗೆ ತಲುಪಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಜಗಳ ಮಾಡಲಿಲ್ಲ. ಮಾಡಿದ್ದರೆ ಅಜ್ಜಿ ಇದ್ದ ಗುಡಿಸಲೂ ಧಣಿಯ ಜಾಗದಲ್ಲೇ ಇತ್ತಲ್ಲ.

ಸರಕಾರದ ಕಾಗದದಲ್ಲಿ ಇದಕ್ಕೆ ಪರಿಹಾರ ಆಗಲೇ ಇತ್ತು, ಇದು ನನಗೆ ಬಹಳ ತಡವಾಗಿ ಗೊತ್ತಾದ ಸಂಗತಿ. ಹೊರದೇಶದಲ್ಲಿ ದುಡಿಯುವವರು ತಮ್ಮ ಹೆಸರಲ್ಲೇ ಊರಿನ ಬ್ಯಾಂಕಲ್ಲಿ ಇಡಬಹುದಾದ ಎನ್‌ಆರ್‌ಇ ಖಾತೆ 1970ರಲ್ಲೇ ಬಂದಿತ್ತು. ಬೇಕಾದಾಗ ದುಡ್ಡನ್ನು ವಾಪಸ್ ಹೊರಗೆ ಒಯ್ಯಬಹುದು. ದೊಡ್ಡಪ್ಪನಂಥವರಿಗೆ ಅದನ್ನು ಹೇಳಿದವರು ಯಾರು? ಅರ್ಜಿ ಇಂಗ್ಲಿಷಲ್ಲಿ, ಸಹಿ ದೃಢೀಕರಿಸಲು ರಾಯಭಾರ ಕಚೇರಿಯೋ ಬ್ಯಾಂಕಿನವರೋ ಬೇಕು, ಅದಕ್ಕೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಮತ್ತೆ ಕಫೀಲನ ಕಪಾಟು.

ಹುಂಡಿ ಗೆದ್ದದ್ದು ಹೀಗೆ. 1973ರ ವಿದೇಶಿ ವಿನಿಮಯ ಕಾಯ್ದೆಯಲ್ಲಿ ಹುಂಡಿ ಅಂದರೆ ಅಪರಾಧ, ಪತ್ರಿಕೆಗಳಲ್ಲಿ ದೇಶದ್ರೋಹ. ಆದರೆ ಹುಂಡಿಯವನು ಪರಿಚಯದ ಸಹಿ ಕೇಳಲಿಲ್ಲ. ಸಂಜೆ ಸೈಕಲ್ಲಲ್ಲಿ ಕೇರಿಗೆ ಬಂದು, ಅಜ್ಜಿಯ ಹೆಸರು ಕೇಳಿ, ದುಡ್ಡು ಎಣಿಸಿ ಕೊಟ್ಟು ಹೋದ. ನಾಲ್ಕನೇ ವರ್ಷದಿಂದ ದೊಡ್ಡಪ್ಪನೂ ಹುಂಡಿಯಲ್ಲೇ ಕಳಿಸಿದರು. ಕಾನೂನು ಪಾಲಿಸಿದ ಮೂರು ವರ್ಷ ಲೂಟಿಯಾಯಿತು, ಕಾನೂನು ಮುರಿದ ಮೇಲೆ ಮನೆಗೆ ಹೆಂಚು ಬಂತು. ಹುಂಡಿಯನ್ನು ಹೊಗಳುತ್ತಿಲ್ಲ, ಆದದ್ದು ಹೇಳುತ್ತಿದ್ದೇನೆ.

ಪರಿಚಯದ ಸಹಿ ಬೇಕಿಲ್ಲ ಅಂತ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದ್ದು ಯಾವಾಗ ಗೊತ್ತಾ? 2012ರ ಡಿಸೆಂಬರ್. ಜನಧನ್ 2014ರದ್ದು. ಅಜ್ಜಿ ಎರಡನ್ನೂ ನೋಡಲಿಲ್ಲ.

ಕೊಲ್ಲಿಯಲ್ಲೂ ಬದಲಾಗಿದೆ. ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಡಬೇಕು ಅನ್ನುವ ವ್ಯವಸ್ಥೆ ಯುಎಇಯಲ್ಲಿ 2009ರಿಂದ, ಸೌದಿಯಲ್ಲಿ 2013ರಿಂದ, ಕತಾರಿನಲ್ಲಿ 2015ರಿಂದ ಇದೆ. ಲಕೋಟೆಯ ಕಾಲ ಮುಗೀತು ಅಂತ ನಾವೆಲ್ಲ ಖುಷಿಪಟ್ಟೆವು. ಆದರೆ ಕೆಳಗಿನ ಕೆಲಸದವರಿಗೆ ಎಷ್ಟೋ ಕಡೆ ಸಿಗುವುದು ಖಾತೆ ಅಲ್ಲ, ಕಂಪನಿ ಮಾಡಿಸಿಕೊಟ್ಟ ಸಂಬಳದ ಕಾರ್ಡು. ಎಟಿಎಮ್ಮಲ್ಲಿ ದುಡ್ಡು ಬರುತ್ತದೆ, ಚೆಕ್ ಇಲ್ಲ, ಸಾಲ ಇಲ್ಲ, ಉಳಿತಾಯಕ್ಕೆ ಬಡ್ಡಿ ಇಲ್ಲ. ನಿಜವಾದ ಖಾತೆ ಬೇಕಂದರೆ 5,000 ದಿರಹಂ ಸಂಬಳ, ಇಲ್ಲವಾದರೆ 3,000 ದಿರಹಂ ಕನಿಷ್ಠ ಬಾಕಿ ಕೇಳುವ ಬ್ಯಾಂಕುಗಳಿವೆ. ಸಾವಿರ ಚಿಲ್ಲರೆ ದಿರಹಂ ದುಡಿಯುವ ಹುಡುಗ ಅದನ್ನು ಎಲ್ಲಿಂದ ತರಬೇಕು? ಎಕ್ಸ್‌ಚೇಂಜ್ ಅಂಗಡಿಯೇ ಅವನ ಬ್ಯಾಂಕು. ಅದೂ ಶಾಶ್ವತ ಅಲ್ಲ. ನಮ್ಮ ಪಕ್ಕದ ಕಾಪುವಿನಲ್ಲಿ ಹುಟ್ಟಿದ ಬಿ.ಆರ್. ಶೆಟ್ಟರ ಹೆಸರಿನ ಜೊತೆ ಬೆಳೆದ ಯುಎಇ ಎಕ್ಸ್‌ಚೇಂಜ್ ಎಷ್ಟು ದೊಡ್ಡದಿತ್ತು! 2020ರ ಮಾರ್ಚ್‌ನಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಅದರ ಮೇಲ್ವಿಚಾರಣೆಗೆ ಇಳಿಯಿತು, ಹೊಸ ವಹಿವಾಟು ನಿಂತಿತು. ಕೊರೊನಾ ಶುರುವಾದ ತಿಂಗಳೇ.

ಇದನ್ನೆಲ್ಲ ಓದುವಾಗ ಬಾಬಾಸಾಹೇಬರ ನೆನಪಾಗದೆ ಇರುತ್ತದಾ? ಪರದೇಶದಲ್ಲಿ ಸ್ಕಾಲರ್‌ಶಿಪ್ ದುಡ್ಡನ್ನು ಲೆಕ್ಕ ಹಾಕಿ ಬದುಕಿದವರು ಅವರು. 1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪುಸ್ತಕ ರೂಪಾಯಿಯ ಸಮಸ್ಯೆಯ ಬಗ್ಗೆಯೇ. ಅವರೇ ರಿಸರ್ವ್ ಬ್ಯಾಂಕ್ ಕಟ್ಟಿದರು ಅಂತ ವಾಟ್ಸಾಪಲ್ಲಿ ಬರುತ್ತದೆ. ಅಷ್ಟು ಉಬ್ಬಿಸುವುದು ಬೇಡ, ಅವರು ನಿಜವಾಗಿ ಹೇಳಿದ್ದೇ ಇನ್ನೂ ಹರಿತವಾಗಿದೆ: ರೂಪಾಯಿ ಬೆಲೆ ಬಿದ್ದಾಗ ಸಾಮಾನಿನ ಬೆಲೆ ಮೊದಲು ಏರುತ್ತದೆ, ಕೂಲಿ ಹಿಂದೆ ಉಳಿಯುತ್ತದೆ, ಲಾಭ ವ್ಯಾಪಾರಿಗೆ, ನಷ್ಟ ಕೂಲಿಗೆ. ದಿರಹಂ ರೇಟು ಏರಿತು ಅಂತ ನಮ್ಮ ಹುಡುಗರು ಸ್ಟೇಟಸ್ ಹಾಕುವ ದಿನ, ಶಂಕರಪುರದಲ್ಲಿ ಮಲ್ಲಿಗೆ ಕೊಯ್ಯುವ, ಮಟ್ಟುವಿನಲ್ಲಿ ಗುಳ್ಳದ ಗದ್ದೆಗೆ ಇಳಿಯುವ ಅವರ ಅಮ್ಮ ಅಕ್ಕಿಗೆ ಎಷ್ಟು ಕೊಟ್ಟಳು ಅಂತಲೂ ಕೇಳಬೇಕು.

ಈಗ ಹೋಗುವವರಿಗೆ ಮೂರು ಮಾತು. ಕೆಲಸಕ್ಕೆ ಹೊರದೇಶಕ್ಕೆ ಹೋದ ಮೇಲೆ ಊರಿನ ಹಳೇ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಹಾಗೇ ಬಿಡಬೇಡಿ. ಅಲ್ಲಿ ದುಡಿದದ್ದಕ್ಕೆ ಎನ್‌ಆರ್‌ಇ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ನಾಮಿನಿಯ ಜಾಗದಲ್ಲಿ ಅಮ್ಮನದೋ ಹೆಂಡತಿಯದೋ ಹೆಸರು ಬರೆಯಿರಿ, ಖಾಲಿ ಬಿಟ್ಟು ವಿಮಾನ ಹತ್ತಬೇಡಿ.

ಇನ್ನೊಂದು ಕೆಲಸ ಉಂಟು. ನಿಮ್ಮ ಮನೆಯ ಟ್ರಂಕಲ್ಲಿ 70, 80ರ ದಶಕದ ಡ್ರಾಫ್ಟಿನ ಕೌಂಟರ್‌ಫಾಯಿಲ್, ಹಳೇ ಪಾಸ್‌ಬುಕ್, ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಇದ್ದರೆ ಬಿಸಾಡಬೇಡಿ. ಖಾತೆ ಸಂಖ್ಯೆ ಮುಚ್ಚಿ ಫೋಟೊ ತೆಗೆದು ಇನ್‌ಬಾಕ್ಸಿಗೆ ಕಳಿಸಿ. ಯಾರ ದುಡಿಮೆ ಯಾರ ಹೆಸರಲ್ಲಿ ಜಮಾ ಆಯಿತು ಅಂತ ಒಂದು ಪಟ್ಟಿ ಮಾಡುತ್ತಿದ್ದೇನೆ. ದೊಡ್ಡಪ್ಪನ 31 ಹಾಳೆ ಸೇರಿಸಿ ಇಲ್ಲಿಯವರೆಗೆ ನಾಲ್ಕು ಮನೆಯದ್ದು ಸಿಕ್ಕಿದೆ.